ಗ್ರೀಸ್ ಜಾಸ್ತಿಯಾಗಿ ಕೆಟ್ಟ ಬೇರಿಂಗ್: ತುಮಕೂರಿನ ಒಂದು ರೈಸ್ ಮಿಲ್ಲಿನ ಪ್ರಕರಣ

ತುಮಕೂರಿನ ಹೊರವಲಯದ ಒಂದು ರೈಸ್ ಮಿಲ್ಲು. ಅಲ್ಲಿನ ಬಾಯ್ಲರಿನ ಐಡಿ ಫ್ಯಾನಿಗೆ, ಅಂದರೆ ಹೊಗೆ ಎಳೆಯುವ ಫ್ಯಾನಿಗೆ, ಎರಡು ಬೇರಿಂಗ್. ಒಂದು ಪುಲ್ಲಿ ಕಡೆ, ಇನ್ನೊಂದು ಇಂಪೆಲ್ಲರ್ ಕಡೆ, ಅಂದರೆ ಫ್ಯಾನಿನ ರೆಕ್ಕೆಚಕ್ರದ ಕಡೆ. ಎರಡೂ ಒಂದೇ ನಂಬರಿನವು, ಒಂದೇ ಅಂಗಡಿಯಿಂದ ತಂದವು, ಒಬ್ಬನೇ ಮೆಕ್ಯಾನಿಕ್ ಒಂದೇ ದಿನ ಕೂರಿಸಿದವು. ಪುಲ್ಲಿ ಕಡೆಯದು ಎರಡು ವರ್ಷದಿಂದ ತಂಟೆಯಿಲ್ಲದೆ ಓಡುತ್ತಿತ್ತು. ಇಂಪೆಲ್ಲರ್ ಕಡೆಯದನ್ನು ಅಷ್ಟರಲ್ಲಿ ಐದು ಸಲ ಬದಲಾಯಿಸಿದ್ದರು. ಕೊನೆಯ ಎರಡಂತೂ ಮೂರು ತಿಂಗಳೂ ಬಾಳಲಿಲ್ಲ.

ಫ್ಯಾನು ನಿಂತರೆ ಬರೀ ಫ್ಯಾನ್ ನಿಂತ ಹಾಗಲ್ಲ. ಇದು ಭತ್ತ ನೆನೆಸಿ, ಆವಿ ಕೊಟ್ಟು, ಒಣಗಿಸಿ ಅಕ್ಕಿ ಮಾಡುವ ಮಿಲ್ಲು. ಬಾಯ್ಲರಿಗೆ ಉರುವಲು ಭತ್ತದ ಹೊಟ್ಟೇ. ಐಡಿ ಫ್ಯಾನ್ ಹೊಗೆಯನ್ನು ಚಿಮಣಿಗೆ ಎಳೆಯದಿದ್ದರೆ ಬೆಂಕಿಯ ಬಾಗಿಲಲ್ಲಿ ಹೊಗೆ ವಾಪಸ್ ನುಗ್ಗುತ್ತದೆ, ಬಾಯ್ಲರ್ ನಿಲ್ಲಿಸಲೇಬೇಕು. ಆವಿ ಇಲ್ಲದಿದ್ದರೆ ತೊಟ್ಟಿಯಲ್ಲಿ ನೆನೆದ ಭತ್ತ ಕಾಯುವುದಿಲ್ಲ, ಹುಳಿ ವಾಸನೆ ಹಿಡಿಯುತ್ತದೆ. ಆ ವಾಸನೆ ಅಕ್ಕಿಯಲ್ಲೂ ಉಳಿಯುತ್ತದೆ. ಹಾಗಾಗಿ ಈ ಬೇರಿಂಗ್ ಸದ್ದು ಮಾಡಿದರೆ ಇಡೀ ಮಿಲ್ಲಿಗೆ ಗಾಬರಿ.

ಫ್ಯಾನಿನ ವಿವರ ಇಷ್ಟು. ಬೆಲ್ಟಿನಿಂದ ಓಡುವ ಶಾಫ್ಟು, ನಿಮಿಷಕ್ಕೆ 1450 ಸುತ್ತಿನ ಆಸುಪಾಸು. ಬೇರಿಂಗ್ ಕೂತ ಜಾಗದಲ್ಲಿ ಶಾಫ್ಟಿನ ದಪ್ಪ 60 ಮಿಲಿಮೀಟರ್. ಬೇರಿಂಗ್ 22213 ಕೆ, ಸಿ3 ಕ್ಲಿಯರೆನ್ಸಿನದು (ರೋಲರಿಗೆ ಬಿಡುವ ಸಡಿಲ ಮಾಮೂಲಿಗಿಂತ ಸ್ವಲ್ಪ ಜಾಸ್ತಿ). ಅಂದರೆ ಎರಡು ಸಾಲು ರೋಲರಿನ ಸ್ಫೆರಿಕಲ್ ಬೇರಿಂಗ್, ಶಾಫ್ಟಿಗೆ ಹಾಕಿ ನಟ್ಟಿನಿಂದ ಬಿಗಿಯುವ ಅಡಾಪ್ಟರ್ ಸ್ಲೀವ್ ಅನ್ನುವ ಕೊಳವೆಯ ಮೇಲೆ ಕೂರುವಂಥದ್ದು. ಹೊರ ವ್ಯಾಸ 120, ಅಗಲ 31 ಮಿಲಿಮೀಟರ್. ಅದರ ಮನೆ ಎರಡು ಹೋಳಿನ ಪ್ಲಮರ್ ಬ್ಲಾಕು, ಎರಡೂ ಪಕ್ಕ ಫೆಲ್ಟ್ ಸೀಲು, ತಳದಲ್ಲಿ ಹೆಚ್ಚಾದ ಗ್ರೀಸ್ ಹೊರಬಿಡಲು ಒಂದು ಡ್ರೈನ್ ಪ್ಲಗ್.

ಯಾರು ಏನು ಹೇಳಿದರು

ನಾನು ಹೋಗುವ ಹೊತ್ತಿಗೆ ಮಿಲ್ಲಿನಲ್ಲಿ ಮೂರು ವಾದಗಳು ಗಟ್ಟಿಯಾಗಿದ್ದವು. ಬೇರಿಂಗ್ ಡೂಪ್ಲಿಕೇಟು ಅಂತ ಮಾಲೀಕರು. ಇಂಪೆಲ್ಲರ್ ಬ್ಯಾಲೆನ್ಸ್ ಹೋಗಿದೆ ಅಂತ ಅಂಗಡಿಯವರು. ಹೊಗೆಯ ಶಾಖ ಶಾಫ್ಟಿನಲ್ಲಿ ಹರಿದು ಬಂದು ಬೇರಿಂಗ್ ಸುಡುತ್ತಿದೆ ಅಂತ ಬಾಯ್ಲರ್ ಆಪರೇಟರ್. ಮೂರೂ ಆಗಬಾರದ್ದೇನಲ್ಲ. ತುಮಕೂರಿನ ಬಿ.ಎಚ್. ರಸ್ತೆಯಲ್ಲಾಗಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಬೇರಿಂಗ್ ಕೊಳ್ಳುವವರಿಗೆ ಡೂಪ್ಲಿಕೇಟಿನ ಭಯ ಇದ್ದೇ ಇರುತ್ತದೆ.

ಮೊದಲ ಎರಡು ವಾದ ಬೇಗ ಬಿದ್ದುಹೋದವು. ಬೇರಿಂಗಿನ ಡಬ್ಬಿ ಇನ್ನೂ ಇತ್ತು. ಅದರ ಮೇಲಿನ ಕೋಡನ್ನು ಕಂಪನಿಯ ಆ್ಯಪಿನಲ್ಲಿ ನೋಡಿದರೆ ಅಸಲಿಯೇ. ವೈಬ್ರೇಷನ್ ಅಳೆದರೆ ಸೆಕೆಂಡಿಗೆ 3 ಮಿಲಿಮೀಟರ್ ಸುತ್ತಮುತ್ತ. ಈ ತರಹದ ಫ್ಯಾನಿಗೆ ಅದು ತಲೆಕೆಡಿಸಿಕೊಳ್ಳುವ ಅಂಕಿಯಲ್ಲ. ಅಡಾಪ್ಟರ್ ನಟ್ ಜಾಸ್ತಿ ಬಿಗಿದು ಕ್ಲಿಯರೆನ್ಸ್ ತಿಂದಿರಬಹುದು ಅನ್ನುವ ಅನುಮಾನ ನನಗಿತ್ತು. ಆದರೆ ಅದೇ ಕೈ ಬಿಗಿದ ಪುಲ್ಲಿ ಕಡೆಯದು ಎರಡು ವರ್ಷ ಓಡಿದೆಯಲ್ಲ.

ಶಾಖದ ವಾದ ಅಷ್ಟು ಸುಲಭಕ್ಕೆ ಬಿಡುವಂಥದ್ದಾಗಿರಲಿಲ್ಲ. ಇಂಪೆಲ್ಲರ್ ಕಡೆ ಬಿಸಿ ಹೊಗೆ ಇರುವುದು ನಿಜ. ಅದಕ್ಕೇ ಕೇಸಿಂಗಿಗೂ ಬೇರಿಂಗಿಗೂ ನಡುವೆ ಶಾಫ್ಟಿನ ಮೇಲೆ ಒಂದು ಕೂಲಿಂಗ್ ಡಿಸ್ಕ್ ಹಾಕಿರುತ್ತಾರೆ. ತಿರುಗುತ್ತಾ ಗಾಳಿ ಬೀಸಿ ಶಾಫ್ಟನ್ನು ತಣ್ಣಗಿಡುವ ಅಲ್ಯೂಮಿನಿಯಂ ಬಿಲ್ಲೆ ಅದು. ಆಪರೇಟರ್ ತನ್ನ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಶಾಫ್ಟಿಗೆ ಹಿಡಿದು 40 ಡಿಗ್ರಿ ತೋರಿಸಿದ, ಬೇರಿಂಗ್ ಮನೆಗೆ ಹಿಡಿದು 96 ತೋರಿಸಿದ. ಆದರೆ ಹೊಳೆಯುವ ಉಕ್ಕಿನ ಮೇಲೆ ಆ ಥರ್ಮಾಮೀಟರು ಸುಳ್ಳು ಹೇಳುತ್ತದೆ. ಹೊಳಪು ಮೈ ತನ್ನ ಶಾಖವನ್ನು ಕಡಿಮೆ ಬೀರುತ್ತದೆ, ಸುತ್ತಲಿನದ್ದನ್ನು ಪ್ರತಿಫಲಿಸುತ್ತದೆ. ಫ್ಯಾನ್ ನಿಲ್ಲಿಸಿದಾಗ ಕೂಲಿಂಗ್ ಡಿಸ್ಕಿನ ಪಕ್ಕ ಶಾಫ್ಟಿನ ಸುತ್ತ ಮಂಕಾದ ಕಪ್ಪು ಪೇಂಟ್ ಬಳಿದು, ಮತ್ತೆ ಓಡಿಸಿ, ಬಿಸಿ ಏರಿ ನಿಂತ ಮೇಲೆ ಅಲ್ಲಿಗೆ ಹಿಡಿದೆವು. 70ರ ಸುತ್ತಮುತ್ತ ಬಂತು. ಬೇರಿಂಗ್ ಮನೆ ಆಗಲೂ 95ರ ಮೇಲೇ ಇತ್ತು.

ಲೆಕ್ಕ ಇಲ್ಲೇ ಮುಗಿಯಿತು. 70 ಡಿಗ್ರಿಯ ಶಾಫ್ಟು 95 ಡಿಗ್ರಿಯ ಬೇರಿಂಗಿಗೆ ಶಾಖ ಕೊಡಲಾರದು. ಬಿಸಿ ಬೇರಿಂಗಿನ ಒಳಗೇ ಹುಟ್ಟುತ್ತಿದೆ.

ಬೆಲ್ಟ್ ಗಾರ್ಡಿನ ಹಿಂದೆ

ಹಾಗಾದರೆ ಎರಡು ಬೇರಿಂಗಿಗೂ ಇರುವ ವ್ಯತ್ಯಾಸ ಏನು? ಇಂಪೆಲ್ಲರ್ ಶಾಫ್ಟಿನ ತುದಿಯಲ್ಲಿ ನೇತಾಡುವುದರಿಂದ ಆ ಕಡೆಯ ಬೇರಿಂಗಿಗೆ ಭಾರ ಹೆಚ್ಚು, ಸರಿ. ಆದರೆ ಆ ಭಾರವನ್ನು ಲೆಕ್ಕ ಹಾಕಿಯೇ ಈ ನಂಬರ್ ಆರಿಸಿರುತ್ತಾರೆ. ಭಾರದಿಂದ ಹೋಗುವ ಬೇರಿಂಗ್ ಮೂರು ತಿಂಗಳಿಗೆ ಹೋಗುವುದಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಗ್ರೀಸ್ ನಿಪ್ಪಲ್‌ಗಳು, ಅಂದರೆ ಗನ್ ಇಟ್ಟು ಗ್ರೀಸ್ ಒಳಗೆ ಹೊಡೆಯುವ ಬಾಯಿಗಳು. ಇಂಪೆಲ್ಲರ್ ಕಡೆಯ ನಿಪ್ಪಲ್ ಬಾಯ್ಲರ್ ಮನೆಯೊಳಗೆ ಬರುವವನಿಗೆ ಎದುರಿಗೇ ಸಿಗುತ್ತದೆ. ಪಳಪಳ ಹೊಳೆಯುತ್ತಿತ್ತು. ಪುಲ್ಲಿ ಕಡೆಯದು ಬೆಲ್ಟ್ ಗಾರ್ಡಿನ ಜಾಲರಿಯ ಹಿಂದೆ. ನಾಲ್ಕು ಬೋಲ್ಟ್ ಬಿಚ್ಚದೆ ಗ್ರೀಸ್ ಗನ್ ತಾಗುವುದಿಲ್ಲ. ಅದರ ಮೇಲೆ ಹೊಟ್ಟಿನ ಬೂದಿ ಪದರ ಕಟ್ಟಿತ್ತು. ಬೆಲ್ಟ್ ಬದಲಾಯಿಸಲು ಗಾರ್ಡ್ ಬಿಚ್ಚಿದಾಗ ಮಾತ್ರ ಆ ಕಡೆಗೆ ಗ್ರೀಸ್ ಹೋಗುತ್ತಿತ್ತು, ವರ್ಷಕ್ಕೆ ಎರಡೋ ಮೂರೋ ಸಲ.

ಎಲ್ಲರೂ ಚೆನ್ನಾಗಿ ನೋಡಿಕೊಂಡ ಬೇರಿಂಗ್ ಸಾಯುತ್ತಿದೆ, ಯಾರೂ ತಿರುಗಿ ನೋಡದ್ದು ಬದುಕಿದೆ.

ಬಾಯ್ಲರ್ ಮನೆಯಲ್ಲಿ ಒಂದು ಡೈರಿ ಇಟ್ಟಿದ್ದರು. ನೀರಿನ ಮಟ್ಟ, ಪ್ರೆಷರ್, ಬೂದಿ ತೆಗೆದ ಹೊತ್ತು, ಅದರ ಜೊತೆಗೆ 'ಫ್ಯಾನಿಗೆ ಗ್ರೀಸ್' ಅನ್ನುವ ಸಾಲು. ಹಿಂದಿನ ಪುಟಗಳಲ್ಲಿ ಅದು ವಾರಕ್ಕೊಮ್ಮೆ ಬರುತ್ತದೆ. ಎರಡನೇ ಬೇರಿಂಗ್ ಹೋದ ಮೇಲೆ ದಿನ ಬಿಟ್ಟು ದಿನ. ನಾಲ್ಕನೆಯದು ಹೋದ ಮೇಲೆ ಪ್ರತಿ ಶಿಫ್ಟಿಗೂ. ಮೇಂಟೆನೆನ್ಸ್ ಕೆಲಸದಲ್ಲಿ ಇಷ್ಟು ಶಿಸ್ತಾಗಿ ಬರೆದಿಡುವವರು ಸಿಗುವುದು ಅಪರೂಪ, ಇದನ್ನು ಹೇಳಲೇಬೇಕು. ಆ ಡೈರಿ ಇಲ್ಲದಿದ್ದರೆ ನಾವು ಇನ್ನೊಂದು ಬೇರಿಂಗ್ ಕಳೆದುಕೊಂಡೇ ಕಲಿಯಬೇಕಿತ್ತು.

ಬರೆದವನು ಆಪರೇಟರಿನ ಹೆಲ್ಪರ್. ಚಿಕ್ಕಬಳ್ಳಾಪುರದ ಕಡೆಯ ಜಲ್ಲಿ ಕ್ರಷರಿನಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದ ಹುಡುಗ.

"ಒಂದು ಸಲಕ್ಕೆ ಎಷ್ಟು ಹೊಡೀತೀಯಪ್ಪಾ?"

"ಎಣಿಸಲ್ಲಣ್ಣ. ಹೊಸ ಗ್ರೀಸ್ ಹೊರಗೆ ಬರೋವರೆಗೂ ಹೊಡೀತೀನಿ. ಇಪ್ಪತ್ತೈದು ಮೂವತ್ತು ಪಂಪ್ ಆಗ್ಬಹುದು. ಕ್ರಷರಲ್ಲಿ ನಮ್ ಮೇಸ್ತ್ರಿ ಹೇಳ್ಕೊಟ್ಟಿದ್ದು, ಗ್ರೀಸ್ ಉಳಿಸೋಕೆ ಹೋದ್ರೆ ಬೇರಿಂಗ್ ಕಳ್ಕೋತೀಯ ಅಂತ."

ಆಮೇಲೆ ತಾನಾಗಿಯೇ ಸೇರಿಸಿದ: "ಪ್ರತಿ ಸಲ ಹೊಸಾದೇ ಬರುತ್ತಣ್ಣ, ಹಳದಿ ಬಣ್ಣದ್ದು. ನಾನೇ ನೋಡಿದ್ದೀನಿ."

ಅವನು ಹೇಳಿದ್ದು ಸುಳ್ಳಲ್ಲ. ಪ್ಲಮರ್ ಬ್ಲಾಕಿನ ಇಂಪೆಲ್ಲರ್ ಪಕ್ಕದ ಅಂಚಿನಿಂದ ಹೊಸ ಹಳದಿ ಗ್ರೀಸ್ ಸುರುಳಿ ಸುರುಳಿಯಾಗಿ ಇಳಿದು ಬೇಸಿನ ಮೇಲೆ ರಾಶಿಯಾಗಿತ್ತು. ಹೊಸ ಗ್ರೀಸ್ ಹೊರಗೆ ಬರುತ್ತಿದೆ, ಆದರೂ ಬೇರಿಂಗ್ ಸುಡುತ್ತಿದೆ. ಅದು ಯಾಕೆ ಅನ್ನುವುದು ಮುಚ್ಚಳ ತೆಗೆದಾಗ ಗೊತ್ತಾಯಿತು.

ಮೊದಲು ಡ್ರೈನ್ ಪ್ಲಗ್

ಮುಚ್ಚಳ ತೆಗೆಯಲು ಫ್ಯಾನ್ ನಿಲ್ಲಿಸಬೇಕು. ತೊಟ್ಟಿಯಲ್ಲಿ ಭತ್ತವಿತ್ತು, ಬೆಳಗಿನವರೆಗೂ ಆಗುವುದಿಲ್ಲ ಅಂದರು. ಅಷ್ಟರಲ್ಲಿ ಓಡುತ್ತಿರುವಾಗಲೇ ಒಂದು ಪರೀಕ್ಷೆ ಮಾಡಿದೆವು. ಬ್ಲಾಕಿನ ತಳದ ಡ್ರೈನ್ ಪ್ಲಗ್ಗಿನ ಮೇಲೆ ಪೇಂಟ್ ಹೊಡೆದಿದ್ದರು. ಎರಡು ವರ್ಷದಲ್ಲಿ ಅದನ್ನು ಯಾರೂ ಬಿಚ್ಚಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬಿಚ್ಚಿದರೆ ಏನೂ ಬರಲಿಲ್ಲ, ತೂತಿನೊಳಗೆ ಗ್ರೀಸ್ ಕಲ್ಲಾಗಿ ಕೂತಿತ್ತು. ತಂತಿಯಿಂದ ಕೆದಕಿ ದಾರಿ ಮಾಡಿದ ಮೇಲೆ ಒಳಗಿನದು ಶ್ಯಾವಿಗೆ ಒರಳಿನಿಂದ ಬರುವ ಹಾಗೆ ಎಳೆಯಾಗಿ ಇಳಿಯತೊಡಗಿತು. ಕಡು ಕಪ್ಪು, ಸುಟ್ಟ ಎಣ್ಣೆಯ ವಾಸನೆ. ಎರಡು ಗಂಟೆಯಲ್ಲಿ ಬೇರಿಂಗ್ ಮನೆಯ ಬಿಸಿ 96ರಿಂದ 80ಕ್ಕೆ ಬಂತು.

ಇದನ್ನು ನೋಡಿದ ಮೇಲೆ ಮಾಲೀಕರು ಡೂಪ್ಲಿಕೇಟಿನ ಮಾತು ಬಿಟ್ಟರು. ಏನನ್ನೂ ಹಾಕದೆ, ಬರೀ ತೆಗೆದದ್ದಕ್ಕೇ 16 ಡಿಗ್ರಿ ಇಳಿದಿದೆ.

ಗ್ರೀಸ್ ಅಂದರೆ ಮುಕ್ಕಾಲಿಗಿಂತ ಜಾಸ್ತಿ ಎಣ್ಣೆಯೇ, ಸಾಮಾನ್ಯವಾಗಿ ನೂರಕ್ಕೆ 80ರಿಂದ 90 ಭಾಗ. ಉಳಿದದ್ದು ಆ ಎಣ್ಣೆಯನ್ನು ಹಿಡಿದಿಡುವ ಸೋಪು. ನಮ್ಮಲ್ಲಿ ಎಪಿ-3 ಅಂತ ಎಲ್ಲ ಅಂಗಡಿಯಲ್ಲೂ ಸಿಗುವುದು ಲಿಥಿಯಂ ಸೋಪಿನದು. ಬೇರಿಂಗಿಗೆ ಬೇಕಾದದ್ದು ಸೋಪಲ್ಲ, ಅದರಿಂದ ಸ್ವಲ್ಪ ಸ್ವಲ್ಪವೇ ಒಸರುವ ಎಣ್ಣೆ. ರೋಲರಿಗೂ ಅದು ಉರುಳುವ ರಿಂಗಿನ ಮೈಗೂ, ಅಂದರೆ ರೇಸಿಗೂ, ನಡುವೆ ನಿಲ್ಲುವ ಆ ಎಣ್ಣೆಯ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಅಷ್ಟಕ್ಕೆ ಎಷ್ಟು ಗ್ರೀಸ್ ಬೇಕು? ಬೇರಿಂಗ್ ಓಡಲು ಶುರುವಾದಾಗ ಹೆಚ್ಚಿನದನ್ನು ರೋಲರುಗಳು ಪಕ್ಕಕ್ಕೆ ತಳ್ಳುತ್ತವೆ. ಪಕ್ಕದಲ್ಲಿ ಖಾಲಿ ಜಾಗವಿದ್ದರೆ ಅದು ಅಲ್ಲಿ ಸುಮ್ನೆ ಕೂತು ಎಣ್ಣೆ ಒಸರುತ್ತದೆ. ಜಾಗವೇ ಇಲ್ಲದಿದ್ದರೆ ರೋಲರುಗಳು ಅದೇ ಗ್ರೀಸನ್ನು ಮತ್ತೆ ಮತ್ತೆ ಕಡೆಯುತ್ತವೆ. ನಿಮಿಷಕ್ಕೆ 1450 ಸಲ ಶಾಫ್ಟು ತಿರುಗುವಾಗ ಆ ಕಡೆತ ಎಷ್ಟು ಬಿಸಿ ಹುಟ್ಟಿಸಬಹುದು, ನೀವೇ ಯೋಚಿಸಿ.

ಬಿಸಿಯಾದಾಗ ಎಣ್ಣೆ ತೆಳುವಾಗುತ್ತದೆ. ಈ ಗಾತ್ರದ ಬೇರಿಂಗಿಗೆ ಈ ವೇಗದಲ್ಲಿ ಸುಮಾರು 12 ಸೆಂಟಿಸ್ಟೋಕ್ ಮಂದದ ಎಣ್ಣೆಯಾದರೂ ಇರಬೇಕು ಅನ್ನುವುದು ಲೆಕ್ಕ. 150 ಗ್ರೇಡಿನ ಎಣ್ಣೆ 70 ಡಿಗ್ರಿಯಲ್ಲಿ 40ರ ಹತ್ತಿರ ಇರುತ್ತದೆ, ಅಂದರೆ ಬೇಕಾದ್ದಕ್ಕಿಂತ ಮೂರು ಪಟ್ಟು. 100 ಡಿಗ್ರಿಯಲ್ಲಿ ಅದೇ ಎಣ್ಣೆ 15ಕ್ಕೆ ಇಳಿಯುತ್ತದೆ. ಬೇರಿಂಗ್ ಮನೆಯ ಹೊರಮೈ 96 ತೋರಿಸುವಾಗ ಒಳಗಿನ ರಿಂಗು ನೂರು ದಾಟಿಯೇ ಇರುತ್ತದೆ. ಇದ್ದ ಭದ್ರತೆಯೆಲ್ಲ ಕರಗಿಹೋಯಿತು, ಅಲ್ವಾ? ಗ್ರೀಸಿನ ಆಯಸ್ಸಿಗೂ ಒಂದು ಲೆಕ್ಕ ಇದೆ: 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಅರ್ಧಕ್ಕರ್ಧ ಕಡಿಮೆ. 100ರಲ್ಲಿ ಕಾಲು ಭಾಗ ಮಾತ್ರ ಉಳಿಯುತ್ತದೆ.

ಮುಚ್ಚಳ ತೆಗೆದಾಗ

ಬೆಳಿಗ್ಗೆ ಫ್ಯಾನ್ ನಿಲ್ಲಿಸಿ, ಲಾಕ್ ಹಾಕಿ, ಮೇಲಿನ ಹೋಳು ಎತ್ತಿದೆವು. ಒಳಗೆ ಬೆರಳಿಡಲೂ ಜಾಗವಿರಲಿಲ್ಲ. ಆದರೆ ಗ್ರೀಸ್ ಎಲ್ಲ ಕಡೆ ಒಂದೇ ತರಹ ಇರಲಿಲ್ಲ. ನಿಪ್ಪಲ್ ಇದ್ದದ್ದು ಮುಚ್ಚಳದ ಇಂಪೆಲ್ಲರ್ ಪಕ್ಕದಲ್ಲಿ. ಆ ಪಕ್ಕದ ಗ್ರೀಸ್ ಹಳದಿ, ಮೆತ್ತಗೆ, ಹೊಚ್ಚ ಹೊಸದು. ಆ ಪಕ್ಕದ ಫೆಲ್ಟ್ ಸೀಲು ತಾನು ಕೂತ ಗೀರಿನಿಂದ ಎದ್ದು ಅರ್ಧ ಹೊರಗೆ ಬಂದಿತ್ತು. ಕೈಯಲ್ಲಿ ಹೊಡೆಯುವ ಗ್ರೀಸ್ ಗನ್ನು ನೂರಾರು ಬಾರ್ ಒತ್ತಡ ಹುಟ್ಟಿಸಬಲ್ಲದು. ಫೆಲ್ಟು ಅದರ ಮುಂದೆ ಯಾವ ಲೆಕ್ಕ?

ಹೊಸ ಗ್ರೀಸಿಗೆ ಸುಲಭದ ದಾರಿ ಸಿಕ್ಕಿಬಿಟ್ಟಿತ್ತು. ನಿಪ್ಪಲಿನಿಂದ ಒಳಗೆ, ಪಕ್ಕದ ಎದ್ದ ಸೀಲಿನಿಂದ ಹೊರಗೆ. ನಡುವೆ ಬೇರಿಂಗ್ ಅನ್ನುವುದು ಒಂದಿದೆ ಅಂತ ಅದಕ್ಕೆ ಗೊತ್ತೇ ಇರಲಿಲ್ಲ. ಹುಡುಗ ಪ್ರತಿ ಶಿಫ್ಟಿನಲ್ಲೂ ನೋಡುತ್ತಿದ್ದದ್ದು ಆ ಹಳದಿಯನ್ನೇ.

ಬೇರಿಂಗಿನ ಒಳಗೂ ಪುಲ್ಲಿ ಪಕ್ಕದಲ್ಲೂ ಬೇರೆಯದೇ ಕಥೆ. ರೋಲರುಗಳ ನಡುವೆ, ರೋಲರುಗಳನ್ನು ಹಿಡಿದಿಡುವ ಕೇಜಿನ ಕಿಂಡಿಗಳಲ್ಲಿ ಕಪ್ಪು ಹಕ್ಕಳೆ. ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಚೂರು ಚೂರಾಗಿ ಏಳುತ್ತಿತ್ತು. ಎಣ್ಣೆ ಬಿಟ್ಟುಹೋದ ಸೋಪು ಅದು. ಚೂರೊಂದನ್ನು ಬಿಳಿ ಕಾಗದದ ಮೇಲಿಟ್ಟು ಒತ್ತಿದರೆ ಎಣ್ಣೆಯ ಕಲೆ ಹರಡಲೇ ಇಲ್ಲ. ನಿಪ್ಪಲ್ ಕಡೆಯ ಹಳದಿ ಗ್ರೀಸನ್ನು ಪಕ್ಕದಲ್ಲೇ ಇಟ್ಟರೆ ಸ್ವಲ್ಪ ಹೊತ್ತಿಗೆ ಸುತ್ತ ಉಂಗುರ ಮೂಡಿತು. ಗ್ರೀಸ್ ತುಂಬಿ ತುಳುಕುವ ಮನೆಯೊಳಗೆ ರೋಲರುಗಳು ಒಣಗಿ ಓಡುತ್ತಿದ್ದವು.

ಇನ್ನೊಂದು ವಿಷಯ ಬೆರಳಿಗೇ ಗೊತ್ತಾಯಿತು. ಸೀಲಿನ ಹತ್ತಿರದ ಗ್ರೀಸನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ಜಿರಿಜಿರಿ ಅನ್ನುತ್ತಿತ್ತು. ಅದು ಹೊಟ್ಟಿನ ಬೂದಿ. ಭತ್ತದ ಹೊಟ್ಟು ಸುಟ್ಟರೆ ಸಿಗುವ ಬೂದಿಯಲ್ಲಿ ನೂರಕ್ಕೆ 85ರಿಂದ 95ರಷ್ಟು ಸಿಲಿಕಾ, ಅಂದರೆ ಮರಳಿನದೇ ವಸ್ತು. ಬೇರೆ ಊರಿನ ಕಲ್ಲಿದ್ದಲು ಬಾಯ್ಲರಿಗೆ ಬರೆದ ಸಲಹೆಯನ್ನು ರೈಸ್ ಮಿಲ್ಲಿಗೆ ಹಾಗೇ ತರಬಾರದು ಅನ್ನುವುದು ಇದಕ್ಕೇ. ಇಲ್ಲಿ ಗಾಳಿಯಲ್ಲೇ ಉಜ್ಜುವ ಪುಡಿ ತೇಲುತ್ತಿರುತ್ತದೆ. ಸೀಲು ಎದ್ದ ಮೇಲೆ ಅದಕ್ಕೆ ಬಾಗಿಲು ತೆರೆದ ಹಾಗಾಯಿತು. ಗ್ರೀಸ್ ಡಬ್ಬವನ್ನೂ ಹೋಗಿ ನೋಡಿದೆ. ಮುಚ್ಚಳ ಇರಲಿಲ್ಲ, ಮೇಲ್ಗಡೆ ಹೊಟ್ಟಿನ ಪದರ. ಗನ್ನಿಗೆ ತುಂಬಲು ಒಂದು ಪಟ್ಟಿ ಕಡ್ಡಿ, ಅದೂ ನೆಲದ ಮೇಲೆ. ಡಬ್ಬದ ಮೇಲಿನ ಎರಡಿಂಚು ತೆಗೆದು ಬಿಸಾಡಿಸಿದೆ. ಮಾಲೀಕರು ಮುಖ ಸಣ್ಣ ಮಾಡಿದರು, ಆದರೆ ಬೇಡ ಅನ್ನಲಿಲ್ಲ.

ಬೇರಿಂಗ್ ತೊಳೆದು ನೋಡಿದಾಗ ರೇಸಿನ ಮೇಲೆ ಕಂದು ಬಣ್ಣ. ಮೆಕ್ಯಾನಿಕ್ ಅದನ್ನು ನೋಡಿ, "ಉಕ್ಕೇ ಸುಟ್ಟೋಗಿದೆ ಸಾರ್" ಅಂದ. ಹಾಗೆ ಅನ್ನುವ ಮೊದಲು ಉಜ್ಜಿ ನೋಡಬೇಕು. ಉಕ್ಕು ಕಾದು ಬಂದ ಬಣ್ಣ ಯಾವ ಸಾಲ್ವೆಂಟಿಗೂ ಹೋಗುವುದಿಲ್ಲ. ಅದು ಬರಬೇಕಾದರೆ 200 ಡಿಗ್ರಿ ದಾಟಬೇಕು. ಇದು ಥಿನ್ನರ್ ಹಾಕಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿದರೆ ಎದ್ದು ಬಂತು. ಸುಟ್ಟ ಎಣ್ಣೆಯ ವಾರ್ನಿಷ್ ಅಷ್ಟೇ. ಅದರ ಕೆಳಗೆ ರೇಸು ಕನ್ನಡಿಯ ಹೊಳಪು ಕಳೆದುಕೊಂಡು ಮಂಕು ಬೂದು ಬಣ್ಣಕ್ಕೆ ತಿರುಗಿತ್ತು, ಪೂರ್ತಿ ಸುತ್ತಲೂ. ಭಾರ ಬೀಳುವ ಒಂದೇ ಕಡೆ ಸಿಪ್ಪೆ ಎದ್ದಿದ್ದರೆ ಓವರ್‌ಲೋಡ್ ಅನ್ನಬಹುದಿತ್ತು. ಅಂಥದ್ದು ಕಾಣಲಿಲ್ಲ. ಎಣ್ಣೆಯ ಪದರ ಸಾಲದೆ ಲೋಹಕ್ಕೆ ಲೋಹ ತಾಗಿದಾಗ, ಜೊತೆಗೆ ಬೂದಿ ಉಜ್ಜಿದಾಗ ಆಗುವ ಸವೆತ ಇದು.

ಮೇಸ್ತ್ರಿ ಹೇಳಿದ್ದು ತಪ್ಪಾ?

ಹುಡುಗ ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದ. ಕೊನೆಗೆ ಕೇಳಿದ: "ಹಂಗಾದ್ರೆ ನಮ್ ಮೇಸ್ತ್ರಿ ಹೇಳಿದ್ದು ತಪ್ಪಾ ಅಣ್ಣ?"

ತಪ್ಪಲ್ಲ. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಕಲ್ಲು ಒಡೆಯುವ ಜಾ ಕ್ರಷರಿನ ಶಾಫ್ಟು ನಿಮಿಷಕ್ಕೆ 250, 300 ಸುತ್ತು ತಿರುಗುತ್ತದೆ. ಸುತ್ತಲೂ ಕಲ್ಲುಪುಡಿಯ ಮೋಡ. ಅದರ ಬೇರಿಂಗ್ ಮನೆಯ ಬಾಯಲ್ಲಿ ಲ್ಯಾಬಿರಿಂತ್ ಸೀಲು ಇರುತ್ತದೆ, ಅಂದರೆ ಲೋಹದ ವಕ್ರ ಸಂದು. ಆ ಸಂದಿನಲ್ಲಿ ತುಂಬಿದ ಗ್ರೀಸೇ ಅಲ್ಲಿ ಧೂಳನ್ನು ತಡೆಯುವ ಗೋಡೆ. ಹೊಸ ಗ್ರೀಸ್ ಹೊರಗೆ ಬರುವವರೆಗೂ ಹೊಡೆದರೆ ಸಂದಿನ ಧೂಳೂ ಅದರ ಜೊತೆ ಹೊರಗೆ ಬೀಳುತ್ತದೆ. ಮೇಸ್ತ್ರಿ ಹೇಳಿದ್ದು ಅಲ್ಲಿಗೆ ಅಪ್ಪಟ ಸರಿ. ಜೆಸಿಬಿಯ ಬಕೆಟ್ ಪಿನ್ನಿಗೂ ಸರಿ, ಅದು ತಿರುಗುವುದೇ ಇಲ್ಲ, ಅಲ್ಲಾಡುತ್ತದೆ ಅಷ್ಟೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಧಾರಾಳವಾಗಿ ಬಳಿಯುತ್ತಿದ್ದದ್ದೂ ಅದೇ ಜಾತಿಯ ಜ್ಞಾನ. ನಿಧಾನಕ್ಕೆ ತಿರುಗುವಲ್ಲಿ ಹೆಚ್ಚಾದ ಗ್ರೀಸ್ ಬಿಸಿ ಹುಟ್ಟಿಸುವುದಿಲ್ಲ, ಸುಮ್ಮನೆ ಹೊರಗೆ ಬೀಳುತ್ತದೆ.

ಅದೇ ಮಾತು ಐದು ಪಟ್ಟು ವೇಗದ ಫ್ಯಾನಿಗೆ ಬಂದಾಗ ಕೆಟ್ಟಿತು. ಬೇರಿಂಗ್ ಹೋದಷ್ಟೂ ಹುಡುಗನಿಗೆ ಭಯ. ಭಯಕ್ಕೆ ಇನ್ನಷ್ಟು ಗ್ರೀಸ್. ಇನ್ನಷ್ಟು ಗ್ರೀಸಿಗೆ ಮುಂದಿನ ಬೇರಿಂಗ್ ಇನ್ನೂ ಬೇಗ. ಸೋಮಾರಿಯೊಬ್ಬ ಆ ಕೆಲಸದಲ್ಲಿದ್ದಿದ್ದರೆ ಬೇರಿಂಗ್ ವರ್ಷವಾದರೂ ಬಾಳುತ್ತಿತ್ತೇನೋ.

ಎಷ್ಟು ಬೇಕು ಅನ್ನುವ ಲೆಕ್ಕ

ಬೇರಿಂಗ್ ತಯಾರಕರು ಕೊಡುವ ಸೂತ್ರ ಬಹಳ ಸರಳ. ಹೊರ ವ್ಯಾಸವನ್ನು ಅಗಲದಿಂದ ಗುಣಿಸಿ, ಅದನ್ನು 0.005ರಿಂದ ಗುಣಿಸಿದರೆ ಒಂದು ಸಲಕ್ಕೆ ಬೇಕಾದ ಗ್ರೀಸ್ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. 120 ಗುಣಿಸು 31, ಗುಣಿಸು 0.005. ಉತ್ತರ 18.6 ಗ್ರಾಂ.

ಒಂದು ಪಂಪಿಗೆ ಎಷ್ಟು ಗ್ರಾಂ ಬರುತ್ತದೆ? ಇದನ್ನು ಯಾವ ಪುಸ್ತಕದಲ್ಲೂ ನೋಡಬೇಡಿ, ಗನ್ನಿನಿಂದ ಗನ್ನಿಗೆ ಬೇರೆ ಬೇರೆ. ರೈಸ್ ಮಿಲ್ಲಿನಲ್ಲಿ ನುಚ್ಚಿನ ಸ್ಯಾಂಪಲ್ ತೂಗಲು ಗ್ರಾಂ ತೋರಿಸುವ ತಕ್ಕಡಿ ಇದ್ದೇ ಇರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಕವರ್ ಇಟ್ಟು ಹತ್ತು ಪಂಪ್ ಹೊಡೆಸಿದೆವು. 14 ಗ್ರಾಂ. ಒಂದು ಪಂಪಿಗೆ 1.4. ಅಲ್ಲಿಗೆ ಒಂದು ಸಲಕ್ಕೆ 13 ಪಂಪ್ ಸಾಕು. ಹುಡುಗ ಶಿಫ್ಟಿಗೆ ಹಾಕುತ್ತಿದ್ದದ್ದು ಸುಮಾರು 40 ಗ್ರಾಂ. ದಿನಕ್ಕೆ ಎರಡು ಶಿಫ್ಟು. ತಿಂಗಳಿಗೆ ಎರಡು ಕೆಜಿ ಮೇಲೇ ಆಯಿತು. ಮಾಲೀಕರು ಗ್ರೀಸ್ ಬಿಲ್ ನೋಡಿಯೂ ಅನುಮಾನ ಪಡಲಿಲ್ಲ, ಯಾಕೆಂದರೆ ಬೇರಿಂಗ್ ಬಿಲ್ಲಿನ ಮುಂದೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಎಷ್ಟು ದಿನಕ್ಕೊಮ್ಮೆ? ಶುದ್ಧ ಜಾಗದಲ್ಲಿ, 70 ಡಿಗ್ರಿ ಒಳಗೆ ಇನ್ನೂ ದೂರ ಹೋಗಬಹುದು. ಬೂದಿಯ ನಡುವೆ ಅಷ್ಟು ಧೈರ್ಯ ಬೇಡ ಅಂತ ತಿಂಗಳಿಗೊಮ್ಮೆ ಅಂತ ಇಟ್ಟೆವು, ಹಗಲಿರುಳು ಓಡುವ ಸೀಸನ್ನಿನಲ್ಲಿ 700 ಗಂಟೆ ಆಗುತ್ತದೆ.

ಹೊಸ ಬೇರಿಂಗ್ ಕೂರಿಸುವಾಗ ಮಾಡಿದ್ದು: ಬ್ಲಾಕನ್ನು ಪೂರ್ತಿ ತೊಳೆದು ಒಣಗಿಸಿದೆವು. ಫೀಲರ್ ಗೇಜ್ ಅನ್ನುವ ತೆಳು ತಗಡು ಇಟ್ಟು ಸಡಿಲಾಗಿದ್ದಾಗಿನ ಕ್ಲಿಯರೆನ್ಸ್ ಅಳೆದು, ಅದು 0.03ರಿಂದ 0.04 ಮಿಲಿಮೀಟರ್ ಇಳಿಯುವವರೆಗೆ ಮಾತ್ರ ನಟ್ ಬಿಗಿದೆವು. ಬೇರಿಂಗಿನ ಒಳಗೆ ರೋಲರುಗಳ ನಡುವೆ ಗ್ರೀಸನ್ನು ಕೈಯಿಂದ ಒತ್ತಿ ತುಂಬಿದೆವು, ಮನೆಯ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗ ಮಾತ್ರ. ಇನ್ನೂ ಒಂದು ಬದಲಾವಣೆ ಮಾಡಿದೆವು, ಅದೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅಂತ ನನ್ನ ನಂಬಿಕೆ. ಈ ಬೇರಿಂಗಿನ ಹೊರ ರಿಂಗಿನ ನಡುವೆ ಸುತ್ತಲೂ ಒಂದು ಗೀರು, ಅದರಲ್ಲಿ ಮೂರು ತೂತು ಇರುತ್ತವೆ. ಎರಡು ಸಾಲು ರೋಲರಿನ ನಡುವಿಗೇ ಗ್ರೀಸ್ ಇಳಿಯಲಿ ಅಂತಲೇ ಮಾಡಿದ್ದು. ಪಕ್ಕದ ನಿಪ್ಪಲ್ ತೆಗೆದು ಅಲ್ಲಿ ಪ್ಲಗ್ ಹಾಕಿ, ಮುಚ್ಚಳದ ಸರಿಮಧ್ಯಕ್ಕೆ ತೂತು ಹೊಡೆದು ನಿಪ್ಪಲ್ ಕೂರಿಸಿದೆವು. ಈಗ ಒಳಗೆ ಹೋದ ಗ್ರೀಸ್ ಮೊದಲು ಬೇರಿಂಗನ್ನು ದಾಟಬೇಕು, ಆಮೇಲೆ ಪಕ್ಕಕ್ಕೆ. ಗ್ರೀಸನ್ನೂ ಎಪಿ-3ರಿಂದ ಇನ್ನೂ ಮೆತ್ತಗಿನ 2ನೇ ಗ್ರೇಡಿನ ಲಿಥಿಯಂ ಕಾಂಪ್ಲೆಕ್ಸಿಗೆ ಬದಲಾಯಿಸಿದೆವು. ಆ ಗನ್ನಿಗೆ ಬೇರೆ ಗ್ರೀಸ್ ತುಂಬಬಾರದು ಅಂತ ಕೆಂಪು ಟೇಪ್ ಸುತ್ತಿದರು.

ಗ್ರೀಸ್ ಹೊಡೆಯುವಾಗ ಫ್ಯಾನ್ ಓಡುತ್ತಿರಬೇಕು, ಡ್ರೈನ್ ಪ್ಲಗ್ ತೆಗೆದಿರಬೇಕು. ಹೊಡೆದಾದ ಮೇಲೂ ಒಂದು ಗಂಟೆ ಹಾಗೇ ಬಿಟ್ಟು ಆಮೇಲೆ ಪ್ಲಗ್ ಹಾಕಬೇಕು. ಹೊಡೆದ ಮೇಲೆ ಬಿಸಿ ಹತ್ತು ಹದಿನೈದು ಡಿಗ್ರಿ ಏರಿದರೆ ಗಾಬರಿ ಬೇಡ, ಮಾರನೇ ದಿನಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಮಾತ್ರ ಫೋನ್ ಮಾಡು ಅಂದಿದ್ದೆ. ಈಗ ಡೈರಿಯಲ್ಲಿ ಪಂಪಿನ ಲೆಕ್ಕದ ಪಕ್ಕ ಹುಡುಗ ಬಿಸಿಯನ್ನೂ ಬರೆಯುತ್ತಾನೆ. ಬೇರಿಂಗ್ ಮನೆ 62ರಿಂದ 66ರೊಳಗೆ ನಿಂತಿದೆ. ಬೇಸಿಗೆಯಲ್ಲಿ ಒಮ್ಮೆ 70 ಮುಟ್ಟಿತ್ತು. ಒಂದು ಪೂರ್ತಿ ಸೀಸನ್ ಕಳೆಯಿತು, ಅದೇ ಬೇರಿಂಗ್ ಓಡುತ್ತಿದೆ.

ಪುಲ್ಲಿ ಕಡೆಯದೂ ತೆಗೆದದ್ದು

ಮಾಲೀಕರು ಇದರಿಂದ ಬೇರೆಯದೇ ಅರ್ಥ ತೆಗೆದಿದ್ದರು. "ಹಾಗಾದ್ರೆ ಪುಲ್ಲಿ ಕಡೆ ಮಾಡಿದ ಹಾಗೆ ಎಲ್ಲದಕ್ಕೂ ಸುಮ್ನೆ ಬಿಟ್ಟುಬಿಡೋಣ ಬಿಡಿ" ಅಂದರು. ಸೀಸನ್ ಮುಗಿದ ಮೇಲೆ ಅದರ ಮುಚ್ಚಳವನ್ನೂ ತೆಗೆಸಿದೆ. ಒಳಗೆ ಇದ್ದ ಗ್ರೀಸ್ ಒಂದು ಹಿಡಿಯೂ ಇರಲಿಲ್ಲ, ಕಂದು ಬಣ್ಣಕ್ಕೆ ತಿರುಗಿ ಅಂಟಾಗಿತ್ತು. ರೋಲರುಗಳು ಇನ್ನೂ ಹೊಳೆಯುತ್ತಿದ್ದವು, ಆದರೆ ಕೇಜಿನ ಕಿಂಡಿಗಳಲ್ಲಿ ಸವೆತ ಶುರುವಾಗಿತ್ತು. ಇನ್ನೊಂದು ಸೀಸನ್ ಹಾಗೇ ಬಿಟ್ಟಿದ್ದರೆ ಇದೂ ಹೋಗುತ್ತಿತ್ತು. ಸೀಲುಗಳು ಸರಿಯಿದ್ದವು, ಬೂದಿ ಒಳಗೆ ಬಂದಿರಲಿಲ್ಲ, ಅದೇ ಅದನ್ನು ಉಳಿಸಿದ್ದು.

ಅದಕ್ಕೂ ತಿಂಗಳಿಗೆ 13 ಪಂಪ್ ಅಂತ ಗೊತ್ತುಮಾಡಿ, ಗಾರ್ಡ್ ಬಿಚ್ಚುವ ತಾಪತ್ರಯ ತಪ್ಪಿಸಲು ನಿಪ್ಪಲ್ಲನ್ನು ಪೈಪಿನ ಮೂಲಕ ಜಾಲರಿಯ ಹೊರಗೆ ತಂದೆವು. ಇಲ್ಲೊಂದು ಬಲೆ ಇದೆ, ಬಹಳ ಜನ ಬೀಳುತ್ತಾರೆ. ಒಳಗೆ 6 ಮಿಲಿಮೀಟರ್ ತೂತಿರುವ ಒಂದು ಮೀಟರ್ ಪೈಪಿನಲ್ಲೇ 25 ಗ್ರಾಂ ಗ್ರೀಸ್ ಹಿಡಿಯುತ್ತದೆ. ಖಾಲಿ ಪೈಪ್ ಜೋಡಿಸಿ 13 ಪಂಪ್ ಹೊಡೆದರೆ ಬೇರಿಂಗಿಗೆ ಒಂದು ಗ್ರಾಂ ಕೂಡ ತಲುಪುವುದಿಲ್ಲ, ಎಲ್ಲ ಪೈಪಿನೊಳಗೇ. ಡೈರಿಯಲ್ಲಿ ಮಾತ್ರ ಗ್ರೀಸ್ ಮಾಡಿದೆ ಅಂತ ಇರುತ್ತದೆ. ಅದಕ್ಕೆ ಪೈಪಿನ ಬೇರಿಂಗ್ ಕಡೆಯ ತುದಿ ಬಿಚ್ಚಿಟ್ಟು, ಅಲ್ಲಿ ಗ್ರೀಸ್ ಕಾಣುವವರೆಗೆ ಹೊಡೆದು, ಆಮೇಲೆ ಜೋಡಿಸಬೇಕು. ಹುಡುಗನಿಗೆ ಇದು ಖುಷಿ ಕೊಟ್ಟಿತು. ಹೊರಗೆ ಬರೋವರೆಗೂ ಹೊಡೆಯುವ ಕೆಲಸ ಇಲ್ಲಾದರೂ ಸಿಕ್ಕಿತಲ್ಲ!

ಉಳಿದದ್ದು ಭತ್ತ ಮೇಲೆತ್ತುವ ಎಲಿವೇಟರುಗಳ ತಳದ ಬೇರಿಂಗುಗಳು. ಅವು ಸೀಲ್ ಆಗಿ ಬರುವ ಜಾತಿಯವು, ಗನ್ನಿನ ಎರಡು ಪಂಪ್ ಜಾಸ್ತಿಯಾದರೂ ಸೀಲು ಹಾರುತ್ತದೆ. ಅಲ್ಲಿ ಭತ್ತದ ಧೂಳು, ನೆನೆದ ಭತ್ತದ ತೇವ ಎರಡೂ ಇವೆ. ಫ್ಯಾನಿನ ಲೆಕ್ಕ ಅಲ್ಲಿಗೆ ನಡೆಯುವುದಿಲ್ಲ. ಮುಂದಿನ ಸೀಸನ್ ಶುರುವಾಗುವ ಮೊದಲು ಒಂದೊಂದನ್ನೂ ತೆಗೆದು, ತೂಗಿ, ಬೇರೆ ಪಟ್ಟಿ ಮಾಡಬೇಕು.